ಬೆಂಕಿ ಬಿಟ್ಟ ಬ್ರೆಡ್ಡಣ್ಣ, ಬಿಡದ ಮಾತ್ರೆ

ನಮ್ಮ ಬೀದಿಯ ಬ್ರೆಡ್ಡಣ್ಣನ ಬೇಕರಿ ನೋಡದವರು ಬೇಕರಿಯನ್ನೇ ನೋಡಿಲ್ಲ ಎಂದು ಧಾರಾಳವಾಗಿ ಹೇಳಬಹುದು. ಅವನ ಬನ್ನು ಎಷ್ಟು ಹಗುರವೆಂದರೆ, ಟ್ರೇ ಮೇಲೆ ಭಾರಕ್ಕೆ ಏನಾದರೂ ಇಡದಿದ್ದರೆ ಮೇಲೆದ್ದು ಸೂರಿಗೆ ಅಂಟಿಕೊಳ್ಳುತ್ತಿತ್ತು. ಆಮೇಲೆ ಕೋಲು ಹಿಡಿದು ಒಂದೊಂದಾಗಿ ಇಳಿಸಬೇಕಿತ್ತು. ಅವನ ರಸ್ಕನ್ನು ಯಾರಾದರೂ ಕಡಿದರೆ ಆಚೆ ಬೀದಿಯ ನಾಯಿಗಳು ಎದ್ದು ಕೂತು ಬೊಗಳುತ್ತಿದ್ದವು. ಇನ್ನು ಅವನ ಭಟ್ಟಿ! ಅದು ಯಾವ ಕಾಲದಲ್ಲಿ ಹೊತ್ತಿಕೊಂಡಿತೋ ಯಾರಿಗೂ ನೆನಪಿಲ್ಲ. ಚಳಿಗಾಲದಲ್ಲಿ ಸೂರ್ಯನೇ ಅದರ ಮುಂದೆ ಬಂದು ಕೈ ಕಾಯಿಸಿಕೊಂಡು ಹೋಗುತ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರು.

ಅಂಥ ಬ್ರೆಡ್ಡಣ್ಣ ಒಂದು ಬೆಳಿಗ್ಗೆ ಕೈಯಲ್ಲೊಂದು ಹಸಿ ಕ್ಯಾರೆಟ್ ಹಿಡಿದು, ಭಟ್ಟಿಗೆ ಬೆನ್ನು ತಿರುಗಿಸಿ ನಿಂತು, ಹೆಂಡತಿಗೆ ಹೇಳಿದ:

"ನೋಡೇ, ಇವತ್ತಿಂದ ಬೆಂಕಿ ಮುಟ್ಟಿದ ಒಂದು ತುತ್ತೂ ನನ್ನ ಬಾಯಿಗೆ ಹೋಗಲ್ಲ."

ಬೇಕರಿಯಮ್ಮ ಮೈದಾ ತೂಗುತ್ತಿದ್ದಳು. ತೂಗುವ ಕೈ ನಿಂತಿತು.

"ರೀ, ನಾವು ಬದುಕಿರೋದೇ ಬೆಂಕಿಯಿಂದ."

"ಮಾರೋದು ಬೇರೆ, ತಿನ್ನೋದು ಬೇರೆ," ಎಂದು ಬ್ರೆಡ್ಡಣ್ಣ ಕ್ಯಾರೆಟ್ ಕಡಿದ. ಆ ಸದ್ದಿಗೆ ಗಾಜಿನ ಬೀರುವಿನಲ್ಲಿದ್ದ ಬಿಸ್ಕತ್ತುಗಳು ನಡುಗಿದವು.

ಇದರ ಬೇರು ಎದುರಿನ ಕ್ಷೌರದಂಗಡಿಯಲ್ಲಿತ್ತು. ಅಲ್ಲಿನ ಕತ್ತರಿಯಣ್ಣ ಬ್ರೆಡ್ಡಣ್ಣನ ಜೀವದ ಗೆಳೆಯ. ಫೋನಿನಲ್ಲಿ ಯಾರೋ ಹೇಳಿದ ದೇಹಶುದ್ಧಿ ಮಾಡಿ, ಆಮೇಲೆ ಬರೀ ಹಸಿ ತರಕಾರಿ, ಹಣ್ಣು, ಮೊಳಕೆ ಕಾಳು ತಿಂದು ಅವನು ತನ್ನ ಹೊಟ್ಟೆಯನ್ನು ಎಲ್ಲೋ ಕಳೆದುಕೊಂಡು ಬಂದಿದ್ದ. ಪ್ಯಾಂಟು ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡೇ ಗಿರಾಕಿಗಳ ಕೂದಲು ಕತ್ತರಿಸುತ್ತಿದ್ದ. ಅದನ್ನು ನೋಡಿ ಬ್ರೆಡ್ಡಣ್ಣನಿಗೂ ಆಸೆ ಹತ್ತಿತು. ಒಂದು ವಾರ ಅರ್ಧ ದಿನ ಅಂಗಡಿ ಮುಚ್ಚಿ, ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಕತ್ತರಿಯಣ್ಣ ಲೋಟದ ಮೇಲೆ ಲೋಟ ತಂದುಕೊಟ್ಟ ಹಣ್ಣಿನ ರಸ ಕುಡಿದ. ವಾರ ಮುಗಿದಾಗ ಮೈ ಹಗುರಾಯಿತು ಅಂದ. ಹಾರಿ ಹೋಗುತ್ತೇನೋ ಅಂತ ಹೆದರಿ ಜೇಬಿಗೆ ತೂಕದ ಕಲ್ಲು ಹಾಕಿಕೊಂಡಿದ್ದೆ ಅಂತಲೂ ಅಂದ.

ಎಲ್ಲ ಸರಿ. ಆದರೆ ಕತ್ತರಿಯಣ್ಣನಿಗೂ ಬ್ರೆಡ್ಡಣ್ಣನಿಗೂ ಒಂದು ವ್ಯತ್ಯಾಸವಿತ್ತು. ಬ್ರೆಡ್ಡಣ್ಣನಿಗೆ ಸಕ್ಕರೆ ಕಾಯಿಲೆ. ಹಲವು ವರ್ಷದಿಂದ ಬೆಳಿಗ್ಗೆ ಸಂಜೆ ಮಾತ್ರೆ ನುಂಗುತ್ತಿದ್ದ.

ಬೇಕರಿಯಮ್ಮನ ತಂಗಿ ಆಸ್ಪತ್ರೆಯಲ್ಲಿ ದಾದಿ. ಬೀದಿಗೆಲ್ಲ ಅವಳು ನರ್ಸಮ್ಮ. ಭಾವ ಹಸಿ ಆಹಾರ ಶುರು ಮಾಡಿದ್ದಾರೆ ಎಂದು ಕೇಳಿ, ಕೆಲಸ ಮುಗಿಸಿ ಸೀದಾ ಬೇಕರಿಗೇ ಬಂದಳು.

"ಏನ್ ಭಾವ, ಮೊಲ ಆಗಿಬಿಟ್ರಂತೆ?"

"ಬಾಮ್ಮಾ ನರ್ಸಮ್ಮ. ಮೊಲಕ್ಕೆ ಬಿ.ಪಿ. ಇದೆಯಾ? ಶುಗರ್ ಇದೆಯಾ? ನಿಮ್ಮ ಆಸ್ಪತ್ರೇಲಿ ಒಂದಾದ್ರೂ ಮೊಲ ಅಡ್ಮಿಟ್ ಆಗಿದೆಯಾ?"

"ಮೊಲ ಮಾತ್ರೆ ನುಂಗಲ್ಲ ಭಾವ. ನೀವು ನುಂಗ್ತೀರ. ಊಟ ಬದಲಾಯಿಸೋ ಮುಂಚೆ ಡಾಕ್ಟರ್‌ಗೆ ಹೇಳಿದ್ರಾ?"

"ಡಾಕ್ಟರ್ ನನಗೆ ಹೇಳಿದ್ದು ಒಂದೇ ಮಾತು. ಏನೇ ಆಗಲಿ ಮಾತ್ರೆ ತಪ್ಪಿಸಬೇಡಪ್ಪ ಅಂತ. ತಪ್ಪಿಸಿದ್ದೀನಾ? ಕೇಳು ನಿಮ್ಮಕ್ಕನ್ನ. ಭೂಮಿ ಅದುರಿದ್ರೂ ನನ್ನ ಮಾತ್ರೆ ತಪ್ಪಲ್ಲ."

"ಅದೇ ಭಯ ನನಗೆ," ಅಂದಳು ನರ್ಸಮ್ಮ. ಈಗ ಅವಳ ಮುಖದಲ್ಲಿ ನಗುವಿರಲಿಲ್ಲ. "ಆ ಮಾತ್ರೆ ನಿಮ್ಮ ಊಟ ಲೆಕ್ಕ ಹಾಕಿ ಕೊಟ್ಟಿರೋದು. ಊಟ ಇಳಿದು ಮಾತ್ರೆ ಹಾಗೇ ಇದ್ರೆ ರಕ್ತದಲ್ಲಿರೋ ಸಕ್ಕರೆ ಪಾತಾಳಕ್ಕೆ ಇಳಿಯುತ್ತೆ. ಹಸಿ ತಿನ್ನಬೇಡಿ ಅಂತಿಲ್ಲ. ನಾಳೆನೇ ಹೋಗಿ ಡಾಕ್ಟರನ್ನ ನೋಡಿ, ಅಷ್ಟೇ."

"ಹೋಗೋಣ, ಹೋಗೋಣ. ಮೊದಲು ಹೊಟ್ಟೆ ಕರಗಲಿ. ನನ್ನ ಗುರುತು ಹಿಡೀದೆ ಅವರು 'ಯಾರಪ್ಪಾ ನೀನು' ಅನ್ನಬೇಕು!"

ಹೊರಡುವಾಗ ನರ್ಸಮ್ಮ ಅಕ್ಕನನ್ನು ಪಕ್ಕಕ್ಕೆ ಕರೆದಳು. "ಅಕ್ಕಾ, ಕೈ ನಡುಗಿದ್ರೆ, ತಣ್ಣಗೆ ಬೆವರಿದ್ರೆ, ಸುಮ್ಮಸುಮ್ಮನೆ ರೇಗಿದ್ರೆ, ಮಾತು ತೊದಲಿದ್ರೆ, ಸಕ್ಕರೆ ಇಳೀತಿದೆ ಅಂತ ತಿಳ್ಕೋ. ತಕ್ಷಣ ಏನಾದ್ರೂ ಸಿಹಿ ಕೊಡು. ನನಗೆ ಫೋನ್ ಮಾಡು. ನೋಡೋಣ, ಮಾಡೋಣ ಅಂತ ಕೂರಬೇಡ."

ಅವತ್ತಿನಿಂದ ಬೇಕರಿಯಮ್ಮನ ಕಣ್ಣು ಗಂಡನ ಕೈಯ ಮೇಲೆ. ಗಿರಾಕಿಗೆ ಬನ್ನು ಕಟ್ಟಿಕೊಡುವಾಗಲೂ ಅಲ್ಲೇ, ಚಿಲ್ಲರೆ ಎಣಿಸುವಾಗಲೂ ಅಲ್ಲೇ. ಎರಡು ಕಣ್ಣು ಸಾಲದೆ, ಬೆನ್ನಿಗೂ ಒಂದೆರಡು ಕಣ್ಣು ಬೆಳೆಸಿಕೊಂಡಿದ್ದಳು ಅನ್ನಬೇಕು.

ಅವಳ ಕಷ್ಟ ನೋಡಿ. ಬೇಕರಿಯಲ್ಲಿ ಬೆವರದವರು ಯಾರು? ಭಟ್ಟಿಯ ಮುಂದೆ ನಿಂತರೆ ಗೋಡೆಯ ಮೇಲಿನ ಹಲ್ಲಿಯೂ ಹಣೆ ಒರೆಸಿಕೊಳ್ಳುತ್ತದೆ. ಹಿಟ್ಟು ನಾದಿ ನಾದಿ ಯಾವ ಕೈ ನಡುಗುವುದಿಲ್ಲ? ಅವಳು ಏನೇ ಕೇಳಿದರೂ ಬ್ರೆಡ್ಡಣ್ಣನ ಬಳಿ ಒಂದೇ ಉತ್ತರ.

"ರೀ, ಯಾಕ್ರೀ ಬೆವರು?"

"ವಿಷ ಹೊರಗೆ ಹೋಗ್ತಿದೆ."

"ತಲೆ ಸುತ್ತು ಅಂದ್ರಲ್ಲ ಬೆಳಿಗ್ಗೆ?"

"ಹಳೇ ವಿಷ ಕಣೇ, ಹೋಗ್ತಾ ಹೋಗ್ತಾ ತಲೇಗೊಂದು ಸುತ್ತು ಹಾಕ್ಕೊಂಡು ಹೋಗುತ್ತೆ. ಕತ್ತರಿಯಣ್ಣಂಗೂ ಹೀಗೇ ಆಗಿತ್ತಂತೆ."

"ಬೆರಳಿಗೆ ಸೂಜಿ ಚುಚ್ಚಿ ಮಿಷನ್‌ನಲ್ಲಿ ನೋಡೋಣ ಬನ್ನಿ."

"ಅಂಗೈ ಅಗಲದ ಡಬ್ಬಿಗೆ ನನ್ನ ದೇಹದ ಸಮಾಚಾರ ಏನ್ ಗೊತ್ತೇ? ಸುಮ್ನಿರು."

ಒಂದು ದಿನ ಹಿಟ್ಟಿಗೆ ಉಪ್ಪು ಹಾಕುವುದನ್ನೇ ಮರೆತ. ಹುಟ್ಟಿದಾಗಿನಿಂದ ಉಪ್ಪು ಮರೆಯದ ಮನುಷ್ಯ! ಇನ್ನೊಂದು ದಿನ, ರಸ್ಕು ಚೂರಾಗಿದೆ ಎಂದ ಮುದುಕಿಯ ಮೇಲೆ ಕೂಗಾಡಿದ. ಅವಳು ಹೋದ ಮೇಲೆ ತಾನು ಯಾಕೆ ಕೂಗಿದೆ ಎಂದು ಅವನಿಗೇ ತಿಳಿಯಲಿಲ್ಲ. ಬೇಕರಿಯಮ್ಮ ಫೋನ್ ಕೈಗೆತ್ತಿಕೊಂಡಳು, ಕೆಳಗಿಟ್ಟಳು. ತಂಗಿ ಕೆಲಸದಲ್ಲಿರುತ್ತಾಳೆ. ಸುಮ್ಮನೆ ಗಾಬರಿ ಪಟ್ಟೆ ಅನ್ನುತ್ತಾಳೇನೋ. ಇನ್ನೊಮ್ಮೆ ಹೀಗಾದರೆ ಖಂಡಿತ ಮಾಡುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಇನ್ನೊಮ್ಮೆ ಆದಾಗ, ಮತ್ತೊಮ್ಮೆ ಆದರೆ ಎಂದುಕೊಂಡಳು.

ಈಗ ಬ್ರೆಡ್ಡಣ್ಣನ ಒಂದು ಕಸುಬುದಾರಿಕೆಯ ವಿಷಯ ಹೇಳಬೇಕು. ಭಟ್ಟಿ ಎಷ್ಟು ಕಾದಿದೆ ಎಂದು ನೋಡಲು ಅವನಿಗೆ ಯಾವ ಮುಳ್ಳಿನ ಮೀಟರೂ ಬೇಡ. ಅಂಗಿಯ ತೋಳು ಮಡಚಿ, ಬರಿಗೈಯನ್ನು ಭಟ್ಟಿಯ ಬಾಯೊಳಗೆ ಚಾಚುತ್ತಾನೆ. ಒಂದು ಗಳಿಗೆ ಹಿಡಿದು ಸರಕ್ಕನೆ ಎಳೆದುಕೊಳ್ಳುತ್ತಾನೆ. "ಬನ್ನಿಗೆ ಸರಿ" ಅಂದರೆ ಬನ್ನಿಗೆ ಸರಿ, "ರಸ್ಕಿಗೆ ಸಾಕು" ಅಂದರೆ ರಸ್ಕಿಗೆ ಸಾಕು. ಅವನ ಕೈ ತಪ್ಪಿದ್ದೇ ಇಲ್ಲ.

ಒಂದು ಮಧ್ಯಾಹ್ನ ಸಂಜೆಯ ವ್ಯಾಪಾರಕ್ಕೆ ಬನ್ನು ಬೇಯಬೇಕಿತ್ತು. ಉಬ್ಬಿದ ಹಿಟ್ಟಿನ ಟ್ರೇಗಳು ಸಾಲಾಗಿ ಕಾಯುತ್ತಿದ್ದವು. ಬ್ರೆಡ್ಡಣ್ಣ ಬೆಳಿಗ್ಗೆ ಮಾತ್ರೆ ನುಂಗಿ, ಒಂದು ಬಟ್ಟಲು ಸೌತೆಕಾಯಿ ಮತ್ತು ಎಲೆಕೋಸು ತಿಂದವನು, ಆಮೇಲೆ ಮೂಟೆ ಹೊತ್ತು, ಹಿಟ್ಟು ನಾದಿ, ಸೌದೆ ಒಟ್ಟಿದ್ದ. ತೋಳು ಮಡಚಿದ. ಕೈ ಒಳಗೆ ಚಾಚಿದ.

ಬೇಕರಿಯಮ್ಮ ಕಾಗದದ ಪೊಟ್ಟಣ ಮಡಚುತ್ತಾ "ಬನ್ನಿಗೆ ಸರಿ" ಎಂಬ ಮಾತಿಗೆ ಕಾದಳು.

ಮಾತು ಬರಲಿಲ್ಲ.

ತಿರುಗಿ ನೋಡಿದಳು. ಕೈ ಇನ್ನೂ ಒಳಗೇ ಇತ್ತು. ಅವನು ಗೋಡೆಯ ಕಡೆ ನೋಡುತ್ತಾ, ಯಾರದೋ ಮದುವೆಯಲ್ಲಿ ನಿಂತವನ ಹಾಗೆ ಸಣ್ಣಗೆ ನಗುತ್ತಿದ್ದ. ತೋಳಿನ ಕೂದಲು ಸುರುಟುತ್ತಿತ್ತು. ಅದರ ವಾಸನೆ ಅವಳ ಮೂಗಿಗೆ ಬಡಿಯಿತು.

"ರೀ! ಕೈ! ಕೈ ತೆಗೀರಿ!"

ಅವನು ಕೇಳಿಸಿಕೊಂಡವನಂತೆ ತಲೆಯಾಡಿಸಿದ. ಕೈ ಮಾತ್ರ ತೆಗೆಯಲಿಲ್ಲ. ಬೇಕರಿಯಮ್ಮ ಹೇಗೆ ಬಂದಳೋ! ಮೇಜು ದಾಟಿ ಬಂದಳೋ, ಮೇಜನ್ನೇ ಸೀಳಿಕೊಂಡು ಬಂದಳೋ! ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದಳು. ಇಬ್ಬರೂ ಮೈದಾ ಮೂಟೆಯ ಮೇಲೆ ಬಿದ್ದರು. ಅವನ ಕತ್ತು ಮುಟ್ಟಿದಳು. ಭಟ್ಟಿಯ ಮುಂದೆ ನಿಂತಿದ್ದ ಮನುಷ್ಯ ತಣ್ಣಗಿದ್ದ. ಮಂಜುಗಡ್ಡೆಯ ಹಾಗೆ ತಣ್ಣಗೆ ಬೆವರುತ್ತಿದ್ದ.

"ಕತ್ತರಿಯಣ್ಣಾ! ನನ್ನ ತಂಗಿಗೆ ಫೋನ್ ಮಾಡೀ! ಇವರಿಗೆ ಏನೋ ಆಗಿದೆ!"

ಕತ್ತರಿಯಣ್ಣ ಗಿರಾಕಿಯ ಅರ್ಧ ಗಡ್ಡ ಬಿಟ್ಟು ಓಡಿ ಬಂದ. ಅಷ್ಟರಲ್ಲಿ ಬೇಕರಿಯಮ್ಮ ಲೋಟಕ್ಕೆ ಹಿಡಿ ಸಕ್ಕರೆ ಸುರಿದು, ನೀರು ಹಾಕಿ ಕಲಕಿ ತಂದಿದ್ದಳು.

"ಕುಡೀರಿ. ಬೇಗ."

"ಏನ್... ಏನದು?" ನಾಲಗೆ ಹೊರಳುತ್ತಿರಲಿಲ್ಲ.

"ಸಕ್ಕರೆ ನೀರು ರೀ."

"ಸಕ್ಕರೆ... ಕುದಿಸಿ ಮಾಡಿದ್ದು. ಬೆಂಕಿ ಮುಟ್ಟಿದ್ದು. ವಿಷ... ಕೊಡ್ತೀಯಾ ನಂಗೆ?" ಎಂದವನೇ ಕೈ ಬೀಸಿದ. ಲೋಟ ಗೋಡೆಗೆ ಬಡಿಯಿತು. ಹೆಂಡತಿಯೊಡನೆ ಎಂದೂ ಗಟ್ಟಿಯಾಗಿ ಮಾತನಾಡದ ಮನುಷ್ಯ ಅವಳನ್ನು ಶತ್ರುವಿನಂತೆ ದಿಟ್ಟಿಸಿದ.

ಎಂಥ ಗ್ರಹಚಾರ ನೋಡಿ. ಸುತ್ತ ಸಕ್ಕರೆ ಮೂಟೆಗಳು. ಕೇಕಿನ ಮೇಲೆ ಸಕ್ಕರೆ, ಬಿಸ್ಕತ್ತಿನೊಳಗೆ ಸಕ್ಕರೆ, ನೆಲದ ಇರುವೆಯ ಬಾಯಲ್ಲೂ ಸಕ್ಕರೆ. ಊರಿಗೆಲ್ಲ ಸಿಹಿ ಹಂಚುವ ಮನೆಯಲ್ಲಿ ಯಜಮಾನನ ಪ್ರಾಣ ಒಂದು ಚಮಚ ಸಿಹಿ ಇಲ್ಲದೆ ಜಾರುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದ. ಹಲ್ಲು ಕಚ್ಚಿದ್ದ.

"ಹಿಡ್ಕೊಳ್ಳಿ ಅಣ್ಣ, ಬಾಯಿ ಬಿಡಿಸಿ ಹುಯ್ದುಬಿಡ್ತೀನಿ," ಅಂದಳು ಬೇಕರಿಯಮ್ಮ.

ಕತ್ತರಿಯಣ್ಣನ ಕಿವಿಯಲ್ಲಿದ್ದ ಫೋನಿನಿಂದ ನರ್ಸಮ್ಮ ಅರಚಿದಳು. ಆ ಅರಚಾಟ ಫೋನಿಲ್ಲದಿದ್ದರೂ ಆಸ್ಪತ್ರೆಯಿಂದ ನೇರ ಕೇಳಿಸುತ್ತಿತ್ತು. "ಬಲವಂತವಾಗಿ ಹುಯ್ಯಬೇಡ ಅಕ್ಕಾ! ಶ್ವಾಸಕೋಶಕ್ಕೆ ಹೋಗುತ್ತೆ! ಎಚ್ಚರ ಇದೆಯಾ? ನುಂಗೋಕೆ ಆಗುತ್ತಾ?"

"ಎಚ್ಚರ ಇದೆ. ಬೈತಿದ್ದಾರೆ."

"ಬೈತಿದ್ರೆ ಒಳ್ಳೇದು. ಅವರೇ ನುಂಗೋ ಹಾಗೆ ಮಾಡು. ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕಬೇಡ, ಪಕ್ಕಕ್ಕೆ ಮಲಗಿಸು. ನಾನು ಆಂಬುಲೆನ್ಸ್ ತರ್ತಿದ್ದೀನಿ."

ಬೇಕರಿಯಮ್ಮ ಸುತ್ತ ನೋಡಿದಳು. ಅವನ ರೆಪ್ಪೆ ಭಾರವಾಗಿ ಇಳಿಯುತ್ತಿತ್ತು. ವಾದ ಮಾಡಲು ಹೊತ್ತಿಲ್ಲ. ವಾದ ಮಾಡದೆ ಅವನು ಬಾಯಿ ತೆರೆಯುವುದಿಲ್ಲ. ಮೇಲಿನ ಹಲಗೆಯಲ್ಲಿ, ಕೇಕಿಗೆ ಸವರುವ ಜೇನಿನ ಬಾಟಲಿ ಕಂಡಿತು. ತೆಗೆದುಕೊಂಡು ಅವನ ಮುಂದೆ ಮಂಡಿಯೂರಿದಳು.

"ರೀ, ಇಲ್ಲಿ ನೋಡಿ. ಜೇನುಹುಳ ಒಲೆ ಹಚ್ಚುತ್ತಾ?"

ಬ್ರೆಡ್ಡಣ್ಣ ಕಣ್ಣು ಕಿರಿದು ಮಾಡಿ ಯೋಚಿಸಿದ. ಅವನು ಯೋಚಿಸಿದ ಆ ಗಳಿಗೆಯಲ್ಲಿ ಬೇಕರಿಯಮ್ಮನ ಕೂದಲು ಅರ್ಧ ನೆರೆಯಿತು ಎಂದರೆ ಉತ್ಪ್ರೇಕ್ಷೆಯಲ್ಲ.

"ಇಲ್ಲ," ಅಂದ.

"ಮತ್ತೆ? ಇದು ಹಸಿ ಅಲ್ವಾ? ಬೆಂಕಿ ಮುಟ್ಟಿದೆಯಾ?"

"ಮುಟ್ಟಿಲ್ಲ."

"ಹಂಗಾದ್ರೆ ಆ ಅನ್ನಿ."

ಆ ಅಂದ. ಒಂದು ಚಮಚ. ನುಂಗಿದ. ಇನ್ನೊಂದು. ಗಡ್ಡಕ್ಕೆ ಇಳಿಯಿತು, ಅಂಗಿಗೆ ಇಳಿಯಿತು, ಅವಳ ಕೈಗೆಲ್ಲ ಅಂಟಿತು. ಮತ್ತೊಂದು. ಕತ್ತರಿಯಣ್ಣ ಬ್ರೆಡ್ಡಣ್ಣನ ಬೆನ್ನಿಗೆ ಆಸರೆಯಾಗಿ ಕೂತಿದ್ದ. ಕೂಗು ಕೇಳಿ ಬೀದಿಯಲ್ಲಿ ಸೇರಿದ್ದ ಜನ ಉಸಿರು ಬಿಡುವುದನ್ನೇ ಮರೆತಿದ್ದರು.

ಬರಬರುತ್ತಾ ಬ್ರೆಡ್ಡಣ್ಣನ ಮುಖಕ್ಕೆ ಬಣ್ಣ ಬಂತು. ಕೈ ಸುಟ್ಟ ಉರಿ ಈಗ ಗೊತ್ತಾಗಿ "ಅಯ್ಯಪ್ಪಾ" ಅಂದ. ಮೂಟೆಯ ಮೇಲೆ ತಾನೇಕೆ ಕೂತಿದ್ದೇನೆ ಎಂದು ಕೇಳಿದ. ಬೇಕರಿಯಮ್ಮ ಅವನ ತೋಳಿನ ಮೇಲೆ ತಣ್ಣೀರು ಹುಯ್ಯುತ್ತಾ ಅಳತೊಡಗಿದಳು.

ನರ್ಸಮ್ಮ ಬಂದವಳೇ ಬೆರಳು ಚುಚ್ಚಿ ನೋಡಿದಳು. ಒಂದು ಲೋಟ ಹಾಲು ಮತ್ತು ಎರಡು ಹೋಳು ಬ್ರೆಡ್ ಅವನ ಮುಂದೆ ಇಟ್ಟಳು. "ತಿನ್ನಿ. ಜೇನು ಬೇಗ ಏರಿಸುತ್ತೆ, ಬೇಗ ಇಳಿದೂ ಬಿಡುತ್ತೆ. ತಿಂದು ಆಂಬುಲೆನ್ಸ್ ಹತ್ತಿ."

"ಯಾಕಮ್ಮಾ? ಈಗ ಕಲ್ಲುಗುಂಡಿನ ಹಾಗಿದ್ದೀನಿ. ಬನ್ನು ಬೇಯಬೇಕು. ಹಿಟ್ಟು ಹುಳಿಯಾಗುತ್ತೆ."

"ಭಾವ, ನೀವು ನುಂಗಿರೋ ಮಾತ್ರೆ ಇನ್ನೂ ಮೈಯೊಳಗೆ ದುಡೀತಿದೆ. ಮತ್ತೆ ಇಳಿಸುತ್ತೆ. ಹೀಗಾದವರನ್ನ ಒಂದು ದಿನ ಆಸ್ಪತ್ರೇಲಿ ಇಟ್ಕೊಂಡು ನೋಡಲೇಬೇಕು."

"ಸಂಜೆ ಬರ್ತೀನಿ. ಜನ ಬನ್ನಿಗೆ ಕಾಯ್ತಿರ್ತಾರೆ."

ಬೇಕರಿಯಮ್ಮ ಎದ್ದಳು. ಸಲಿಕೆ ತೆಗೆದುಕೊಂಡು ಭಟ್ಟಿಯ ಬಾಯಿಂದ ಕೆಂಡ ಎಳೆದಳು. ಬಕೆಟ್ ನೀರು ಎತ್ತಿ ಸುರಿದಳು. ಭುಸ್ಸೆಂದು ಎದ್ದ ಹಬೆ ಬೀದಿಯ ಆ ತುದಿಯವರೆಗೆ ಹರಡಿತು. ಎಂದೂ ಆರದ ಭಟ್ಟಿ ಆರಿತು. ಉಬ್ಬಿ ನಿಂತಿದ್ದ ಹಿಟ್ಟಿನ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗೆ ತಳ್ಳಿದಳು.

"ಏ! ಏನ್ ಮಾಡ್ದೆ ನೀನು?"

"ನಿಮ್ಮ ಕೈ ಒಳಗೆ ಬೇಯ್ತಿತ್ತು ರೀ. ನೀವು ನಗ್ತಿದ್ರಿ." ಅವಳ ದನಿ ಏರಲಿಲ್ಲ. "ಬನ್ನು ನಾಳೆ ಬೇಯುತ್ತೆ. ನಾಡಿದ್ದು ಬೇಯುತ್ತೆ. ಹತ್ತೀರೋ ಇಲ್ವೋ?"

ಬ್ರೆಡ್ಡಣ್ಣ ಭಟ್ಟಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಬ್ರೆಡ್ ಹೋಳನ್ನು ಹಾಲಿಗೆ ಅದ್ದಿ ಬಾಯಿಗೆ ಹಾಕಿಕೊಂಡ. ಆಂಬುಲೆನ್ಸ್ ಹತ್ತಿದ.

ಅರ್ಧ ದಾರಿಯಲ್ಲಿ ಅವನ ಬೆರಳುಗಳು ಮತ್ತೆ ನಡುಗತೊಡಗಿದವು. ಹಣೆಯಲ್ಲಿ ಹನಿ ಮೂಡಿತು. ಈ ಸಲ ಅವನೇ ಹೇಳಿದ. "ನರ್ಸಮ್ಮ... ಮತ್ತೆ ಬರ್ತಿದೆ." ಸಕ್ಕರೆ ನೀರಿನ ಲೋಟ ಚಾಚಿದಾಗ ಎರಡೂ ಕೈಯಲ್ಲಿ ಹಿಡಿದು, ಹುಟ್ಟಿ ಈವರೆಗೆ ನೀರೇ ಕಾಣದವನ ಹಾಗೆ ಕುಡಿದ. ಬೇಕರಿಯಮ್ಮ ಅವನ ಅಂಗಿಯ ಅಂಚನ್ನು ಹಿಡಿದವಳು ಆಸ್ಪತ್ರೆಯ ಬಾಗಿಲವರೆಗೂ ಬಿಡಲಿಲ್ಲ. ಅಂಗಡಿಯಲ್ಲೇ ಉಳಿದಿದ್ದರೆ, ಸಂಜೆ ಅಂತ ಕಾದಿದ್ದರೆ ಎಂಬ ಯೋಚನೆ ಬಂದಾಗಲೆಲ್ಲ ಅವಳ ಹಿಡಿತ ಬಿಗಿಯಾಗುತ್ತಿತ್ತು.

ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಗ್ಲೂಕೋಸ್ ಏರಿಸಿದರು. ಮರುದಿನ ಡಾಕ್ಟರ್ ಹಾಸಿಗೆಯ ಪಕ್ಕ ಕುರ್ಚಿ ಎಳೆದು ಕೂತರು. ಕತ್ತರಿಯಣ್ಣ ತಪ್ಪು ಮಾಡಿದ ಮಗುವಿನಂತೆ ಕಾಲ ಬಳಿ ನಿಂತಿದ್ದ.

"ಡಾಕ್ಟ್ರೇ, ಒಂದೇ ಒಂದು ಮಾತು," ಅಂದ ಬ್ರೆಡ್ಡಣ್ಣ. "ರಸ ಕುಡಿದ ವಾರವೂ ಇದೇ ಮಾತ್ರೆ ನುಂಗಿದ್ದೆ. ಆಗ ಏನೂ ಆಗಲಿಲ್ಲವಲ್ಲ?"

"ಆಗ ಕುರ್ಚಿಯಲ್ಲಿ ಕೂತಿದ್ದಿರಂತೆ. ಗಳಿಗೆಗೊಂದು ಲೋಟ ಹಣ್ಣಿನ ರಸ. ಅದೆಲ್ಲ ಸಿಹಿ. ಹಾಗಾಗಿ ಅದೃಷ್ಟ ಚೆನ್ನಾಗಿತ್ತು, ಅಷ್ಟೇ. ಇರಲಿ, ಒಂದು ಕೇಳ್ತೀನಿ. ಮುಂಚೆ ದಿನಕ್ಕೆ ಎಷ್ಟು ಸಲ ತಿಂತಿದ್ರಿ?"

"ಮೂರು ಹೊತ್ತು. ಎಲ್ಲರ ಹಾಗೆ."

ಬೇಕರಿಯಮ್ಮ ತಡೆಯಲಾರದೆ ಬಾಯಿ ಹಾಕಿದಳು. "ಸುಳ್ಳು ಡಾಕ್ಟ್ರೇ. ಪ್ರತಿ ಟ್ರೇ ಹೊರಗೆ ಬಂದಾಗಲೂ ಒಂದು ಬನ್ನು ಮುರಿದು ರುಚಿ ನೋಡ್ತಿದ್ರು. ಬೆಳಗಿಂದ ಸಂಜೆವರೆಗೆ ರುಚಿ ನೋಡ್ತಾನೇ ಇರ್ತಿದ್ರು. ಅದನ್ನ ಅವರು ಊಟ ಅಂತ ಲೆಕ್ಕಕ್ಕೇ ಇಟ್ಟಿಲ್ಲ."

"ರುಚಿ ನೋಡೋದು ಕೆಲಸ ಕಣೇ, ಊಟ ಅಲ್ಲ!" ಅಂದ ಬ್ರೆಡ್ಡಣ್ಣ.

ಡಾಕ್ಟರ್ ನಕ್ಕುಬಿಟ್ಟರು. "ಸಿಕ್ಕಿತು ನೋಡಿ. ನಾನು ಮಾತ್ರೆ ಬರೆದದ್ದು ರುಚಿ ನೋಡೋ ಬ್ರೆಡ್ಡಣ್ಣನ ರಕ್ತ ನೋಡಿ. ಈಗ ಊಟವೂ ಹೋಯ್ತು, ರುಚಿಯೂ ಹೋಯ್ತು, ಮಾತ್ರೆ ಮಾತ್ರ ಅಷ್ಟೇ ಉಳೀತು. ಹಸಿ ತರಕಾರಿ ತಿನ್ನೋದು ತಪ್ಪಲ್ಲ, ಒಳ್ಳೇದೇ. ಆದ್ರೆ ಅದೊಂದರ ಮೇಲೇ ಭಾರ ಹಾಕಬೇಡಿ. ಬೇಯಿಸಿದ್ದೂ ತಟ್ಟೇಲಿರಲಿ. ಬೆವರು, ನಡುಕ, ತಲೆಸುತ್ತು ಬಂದ್ರೆ ವಿಷ ಹೊರಗೆ ಹೋಗೋದಲ್ಲ, ದೇಹ ಸಹಾಯಕ್ಕೆ ಕೂಗೋದು."

ಮಾತ್ರೆ ಬದಲಾಯಿಸಿ ಬರೆದುಕೊಟ್ಟರು. ಮಾತ್ರೆಯನ್ನು ತಾನಾಗಿಯೇ ನಿಲ್ಲಿಸುವುದೂ ಅಷ್ಟೇ ಅಪಾಯ, ಏನೇ ಬದಲಾಯಿಸುವುದಿದ್ದರೂ ಬಂದು ಕೇಳಿ ಎಂದು ಎಚ್ಚರಿಸಿದರು.

ಕತ್ತರಿಯಣ್ಣ ಗಂಟಲು ಸರಿಮಾಡಿಕೊಂಡ. "ನನಗೆ ಒಗ್ಗಿತು, ಅವನಿಗೂ ಒಗ್ಗುತ್ತೆ ಅಂದ್ಕೊಂಡೆ ಡಾಕ್ಟ್ರೇ."

"ನಿಮ್ಮ ಪ್ಯಾಂಟು ಅವರಿಗೆ ಆಗುತ್ತಾ?" ಅಂದಳು ನರ್ಸಮ್ಮ.

"ಅದು ಈಗ ನನಗೇ ಆಗ್ತಿಲ್ಲ," ಅಂದ ಕತ್ತರಿಯಣ್ಣ. ಹಾಸಿಗೆಯಲ್ಲಿದ್ದ ಬ್ರೆಡ್ಡಣ್ಣ ನಕ್ಕ ನಗುವಿಗೆ ವಾರ್ಡಿನ ಕಿಟಕಿಗಳು ತಾವಾಗಿಯೇ ತೆರೆದುಕೊಂಡವು.

ಈಗ ಬ್ರೆಡ್ಡಣ್ಣನ ತಟ್ಟೆಯಲ್ಲಿ ಅರ್ಧ ಹಸಿ, ಅರ್ಧ ಬೆಂದದ್ದು. ಹಸಿ ತರಕಾರಿಯನ್ನು ಬೇಕರಿಯಮ್ಮ ಹರಿಯುವ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯುತ್ತಾಳೆ. ಮೊಳಕೆ ಕಾಳನ್ನು ಹಬೆಯಲ್ಲಿ ಬೇಯಿಸಿ ಕೊಡುತ್ತಾಳೆ. ಬೆರಳಿಗೆ ಸೂಜಿ ಚುಚ್ಚುವಾಗ ಅವನು ಊರು ಕೇಳುವಂತೆ ಕಿರುಚುತ್ತಾನೆ, ಆದರೆ ಚುಚ್ಚಿಸಿಕೊಳ್ಳುತ್ತಾನೆ. ಹೊಟ್ಟೆ ಒಂದಿಷ್ಟು ಇಳಿದಿದೆ. ಅವನು ಹೇಳುವಷ್ಟಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ. ಈ ಕಥೆಯಲ್ಲಿ ಬನ್ನು ಹಾರಿದ್ದನ್ನು ನೀವು ನಂಬದಿದ್ದರೂ ನಡೆಯುತ್ತದೆ. ಭಟ್ಟಿಯೊಳಗೆ ಮರೆತ ಕೈಯನ್ನು ಮಾತ್ರ ನಂಬಿ. ಉಪವಾಸವೋ, ದೇಹಶುದ್ಧಿಯೋ, ಹಸಿ ಆಹಾರವೋ, ಮಾಡಬೇಕು ಅನ್ನಿಸಿದರೆ ಮಾಡಿ. ಆದರೆ ನಿಮಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಬೇರೆ ಯಾವುದಕ್ಕಾದರೂ ಮಾತ್ರೆ, ಇಂಜೆಕ್ಷನ್ ಇದ್ದರೆ, ತಟ್ಟೆ ಬದಲಾಯಿಸುವ ಮೊದಲು ಡಾಕ್ಟರ ಬಾಗಿಲು ತಟ್ಟಿ. ಗರ್ಭಿಣಿಯರು, ವಯಸ್ಸಾದವರು, ಮಕ್ಕಳು ಇಂಥ ಪ್ರಯೋಗಕ್ಕೆ ಇಳಿಯುವುದೇ ಬೇಡ. ಗೆಳೆಯನಿಗೆ ಒಗ್ಗಿತೆಂದು ನಿಮಗೂ ಒಗ್ಗಬೇಕೆಂದಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಯಾರಾದರೂ ನಡುಗಿದರೆ, ತಣ್ಣಗೆ ಬೆವರಿದರೆ, ತೊದಲಿದರೆ, ಎಚ್ಚರವಿರುವಾಗಲೇ ಸಿಹಿ ಕೊಡಿ, ಕಾಲು ಗಂಟೆಯಲ್ಲಿ ಮತ್ತೆ ನೋಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಂಬುಲೆನ್ಸ್ ಕರೆಯಿರಿ.

ಮತ್ತೆ, ಕೈ ಫೋನಿನ ಮೇಲಿಟ್ಟು, "ಇನ್ನೊಮ್ಮೆ ಆದರೆ ಮಾಡುತ್ತೇನೆ" ಎಂದು ಯೋಚಿಸುತ್ತಾ ಕೂತಿರುವ ತಾಯಿ, ನಿಮಗೊಂದು ಮಾತು. ನಿಮಗೆ ಅನುಮಾನ ಬಂದಿದೆ ಅಂದರೆ ಅಷ್ಟೇ ಸಾಕು. ಈಗಲೇ ಮಾಡಿ.